ಒಂದು ಬರಹಕ್ಕೆ ಎರಡು ಉತ್ತರ

ನಮ್ಮ ವಿಶ್ವವಿದ್ಯಾಲಯದ ಆನ್‌ಲೈನ್ ಶಿಕ್ಷಣ ವಿಭಾಗದ ಮುಖ್ಯಸ್ಥರಿಗೆ,

ಮಾನ್ಯರೇ,

ಶಿವಬಸಪ್ಪನವರು ನಕಲು ಮಾಡಿಲ್ಲ. ಸುಹಾಸಿನಿಯೂ ಮಾಡಿಲ್ಲ. ಬರುವ ಶುಕ್ರವಾರ ನಿಮ್ಮ ಸಹಿಗೆಂದು ಬರಲಿರುವ ಫೈಲಿನಲ್ಲಿ ಇವರಿಬ್ಬರೂ 'ಪರಸ್ಪರ ಶಾಮೀಲಾಗಿ' ಒಬ್ಬರ ಉತ್ತರವನ್ನು ಇನ್ನೊಬ್ಬರು ಬಳಸಿಕೊಂಡರು ಎಂದು ಬರೆದಿದೆಯಲ್ಲ, ಅದರಲ್ಲಿ ನಿಜವಿರುವುದು 'ಪರಸ್ಪರ' ಎಂಬ ಒಂದೇ ಪದ. ಅವರು ಒಬ್ಬರಿಂದ ಒಬ್ಬರು ಕಲಿತರು. ಹಾಗೆ ಕಲಿಯಲಿ ಎಂದು ನಿಮ್ಮ ವಿಭಾಗವೇ ತನ್ನ ಜಾಹೀರಾತಿನಲ್ಲಿ, ನಗುವ ಮುಖಗಳ ಚಿತ್ರದ ಕೆಳಗೆ, ದಪ್ಪ ಅಕ್ಷರದಲ್ಲಿ ಹಾಕಿಕೊಂಡಿದೆ. ಯಾರಾದರೂ ನಿಜವಾಗಿ ಕಲಿತೇಬಿಟ್ಟರೆ ಏನು ಮಾಡಬೇಕೆಂದು ಮಾತ್ರ ಅಲ್ಲಿ ಯಾರೂ ಯೋಚಿಸಿದಂತಿಲ್ಲ.

ಆ ಕೋರ್ಸಿನ ಶಿಕ್ಷಕಿ ನಾನು. ಈ ವಿಷಯವಾಗಿ ನಿಮಗೆ ಇಂಗ್ಲಿಷಿನಲ್ಲಿ ಮೂರು ಸಲ ಇ-ಮೇಲ್ ಬರೆದೆ. ಮೂರಕ್ಕೂ 'ನಿಮ್ಮ ಅಭಿಪ್ರಾಯ ನಮಗೆ ಅಮೂಲ್ಯ' ಎಂದು ಯಂತ್ರವೊಂದು ಉತ್ತರ ಕೊಟ್ಟಿತು. ಹಾಗಾಗಿ ಈ ಸಲ ಕನ್ನಡದಲ್ಲಿ, ನಮ್ಮ ಕನ್ನಡ ಕೂಟದ ಪತ್ರಿಕೆಯಲ್ಲಿ, ನಾಲ್ಕು ಜನ ಓದುವಂತೆ ಬರೆಯುತ್ತಿದ್ದೇನೆ. ನಿಮಗೆ ಕನ್ನಡ ಬಾರದೆಂದು ಗೊತ್ತು. ಬರುವ ಭಾಷೆಯಲ್ಲಿ ಬರೆದಾಗ ಆಗದ ಕೆಲಸ ಬಾರದ ಭಾಷೆಯಲ್ಲಾದರೂ ಆದೀತೇನೋ ಎಂಬ ದುರಾಸೆ ನನ್ನದು. ನನ್ನ ಮಗಳು ದಿಯಾ ಇದನ್ನು ಇಂಗ್ಲಿಷಿಗೆ ತಿರುಗಿಸಿ ನಿಮಗೆ ಕಳಿಸುತ್ತಾಳೆ. ಅವಳು ಇಲ್ಲೇ ಮಿಷಿಗನ್‌ನಲ್ಲಿ ಹುಟ್ಟಿ ಬೆಳೆದವಳು, ಮರ್ಯಾದಸ್ಥೆ. ಅಮ್ಮನ ಕೋಪವನ್ನೆಲ್ಲ ಸೋಸಿಯೇ ಕಳಿಸುತ್ತಾಳೆ. ಸೋಸದ್ದು ಬೇಕಿದ್ದರೆ ಯಾರಿಂದಲಾದರೂ ಮೂಲವನ್ನು ಓದಿಸಿಕೊಳ್ಳಿ.

ಶಿವಬಸಪ್ಪ ಎಂದರೆ ನಿಮ್ಮ ಫೈಲಿನಲ್ಲಿ ಒಂದು ವಿದ್ಯಾರ್ಥಿ ಸಂಖ್ಯೆ. ಉಳಿದದ್ದನ್ನು ನಾನು ಹೇಳುತ್ತೇನೆ. ಧಾರವಾಡದ ಕಡೆಯವರು, ವಯಸ್ಸು ಐವತ್ತೆರಡು, ಮನೆ ಇಲ್ಲಿಯ ವಿಕ್ಸಮ್ ಊರಿನಲ್ಲಿ. ಕಾರಿನ ಬ್ರೇಕಿಗೆ ಬಿಡಿಭಾಗ ಮಾಡುವ ಕಂಪನಿಯೊಂದರಲ್ಲಿ ಹದಿನಾರು ವರ್ಷ ದುಡಿದವರು. ಕಳೆದ ವರ್ಷದ ಚಳಿಗಾಲದಲ್ಲಿ ಒಂದು ಬೆಳಿಗ್ಗೆ ಇವರ ಬ್ಯಾಡ್ಜಿಗೆ ಬಾಗಿಲು ತೆರೆಯಲಿಲ್ಲ. ಹೊರಗೆ ನೀರು ಹೆಪ್ಪುಗಟ್ಟುವ ಚಳಿಯಲ್ಲಿ ನಿಂತು, ಬ್ಯಾಡ್ಜು ಕೆಟ್ಟಿರಬೇಕೆಂದು ಅಂಗಿಗೆ ಉಜ್ಜಿ ಉಜ್ಜಿ ನೋಡಿದರಂತೆ. ಕಾರು ಕಂಪನಿಗಳು ಮುಳುಗಿದ ಆ ವರ್ಷ ನಮ್ಮ ಊರುಗಳಲ್ಲಿ ಇದೇನು ಸುದ್ದಿಯೇ? ಯಾವ ಅಂಗಳದ ಹುಲ್ಲು ಬೆಳೆದುನಿಂತಿದೆ ಎಂದು ನೋಡಿ ಯಾವ ಮನೆ ಬ್ಯಾಂಕಿನ ಪಾಲಾಯಿತೆಂದು ಸ್ಕೂಲ್ ಬಸ್ಸಿನ ಮಕ್ಕಳೂ ಹೇಳುತ್ತಿದ್ದವು. ನನ್ನ ಕೆಲಸ ಅದಕ್ಕೂ ಮೊದಲೇ ಹೋಗಿತ್ತು. ಅಂಥದೇ ಕಾರ್ಖಾನೆಯಲ್ಲಿ ಕ್ವಾಲಿಟಿ ಎಂಜಿನಿಯರ್ ಆಗಿದ್ದವಳು, ನಿಮ್ಮಲ್ಲಿ ಸೆಮಿಸ್ಟರಿಗೊಂದು ಕರಾರಿನ ಮೇಲೆ ಪಾಠ ಹೇಳುವವಳಾದೆ.

ಶಿವಬಸಪ್ಪ ಒಂದು ಕಡೆ ಅಪ್ಲೈ ಮಾಡುತ್ತ, ಇನ್ನೊಂದು ಕಡೆ ನಿಮ್ಮ ಕ್ವಾಲಿಟಿ ಕಂಟ್ರೋಲ್ ಸರ್ಟಿಫಿಕೇಟಿಗೆ ಸೇರಿದರು. ವರ್ಷವಿಡೀ ಎಲ್ಲಿಂದಲೂ ಕರೆ ಬರಲಿಲ್ಲ. ಕೊನೆಗೆ ವೈದ್ಯಕೀಯ ಉಪಕರಣ ಮಾಡುವ ಸಣ್ಣ ಕಾರ್ಖಾನೆಯೊಂದು, ಅವರ ಮನೆಯಿಂದ ಮೂರು ಮೈಲಿ ದೂರದ್ದು, 'ನೀವು ನಮಗೆ ಬೇಕು, ಆದರೆ ಸರ್ಟಿಫಿಕೇಟು ಮುಗಿಸಿಕೊಂಡೇ ಬನ್ನಿ' ಎಂದಿತು. ಮೇ ತಿಂಗಳ ಮೊದಲ ಸೋಮವಾರದವರೆಗೆ ಜಾಗ ಕಾದಿರಿಸಿದ್ದಾರೆ. ಸರ್ಟಿಫಿಕೇಟಿಗೆ ಬಾಕಿ ಇರುವುದು ನನ್ನ ಕೋರ್ಸೊಂದೇ. ಶುಕ್ರವಾರ ನೀವು ಸಹಿ ಹಾಕಿದರೆ ಕೋರ್ಸು ಹೋಯಿತು, ಅದರ ಹಿಂದೆಯೇ ಕೆಲಸವೂ ಹೋಯಿತು. ಈ ಮಿಷಿಗನ್‌ನಲ್ಲಿ, ಈ ಕಾಲದಲ್ಲಿ, ಐವತ್ತೆರಡರ ಮನುಷ್ಯನಿಗೆ ಇನ್ನೊಂದು ಕರೆ ಬರುತ್ತದೆಯೇ? ನನಗಂತೂ ನಂಬಿಕೆಯಿಲ್ಲ, ಅವರಿಗೂ ಇಲ್ಲ.

ಈಗ ನಮ್ಮ ಕೋರ್ಸು ಆನ್‌ಲೈನ್ ಆದ ಕಥೆಗೆ ಬರುತ್ತೇನೆ. ಕೆಲಸ ಕಳೆದುಕೊಂಡವರೆಲ್ಲ ಓದಲು ಬಂದರು. ಸೇರುವವರ ಸಂಖ್ಯೆ ಒಂದಕ್ಕೆರಡಾಯಿತು. ತರಗತಿಯ ಕೋಣೆಗಳು ಸಾಲದಾದವು, ಕಂಪ್ಯೂಟರಿಗೋ ಗೋಡೆಗಳಿಲ್ಲ. ಒಂದೇ ಬೇಸಿಗೆಯಲ್ಲಿ ನಿಮ್ಮ ವಿಭಾಗ ಎಲ್ಲವನ್ನೂ ಅಂತರ್ಜಾಲಕ್ಕೆ ಏರಿಸಿತು. ನಮಗೆ ತರಬೇತಿ ಕೊಡಲಿಲ್ಲ ಎಂದು ಹೇಳಿದರೆ ನನ್ನ ನಾಲಿಗೆ ಸುಡಲಿ, ಕೊಟ್ಟಿರಿ. ಒಂದೂವರೆ ಗಂಟೆಯ ವೆಬಿನಾರ್. ಯಾವ ಗುಂಡಿ ಒತ್ತಿದರೆ ಫೈಲು ಮೇಲೇರುತ್ತದೆ, ಯಾವ ಗುಂಡಿ ಒತ್ತಿದರೆ ಅಂಕ ಕೆಳಗಿಳಿಯುತ್ತದೆ ಎಂದು ಸೊಗಸಾಗಿ ತೋರಿಸಿದರು. ಕೊನೆಯಲ್ಲಿ ಪ್ರಶ್ನೆಗಳಿದ್ದರೆ ಕೇಳಿ ಎಂದರು. ನನ್ನದೊಂದು ಪ್ರಶ್ನೆ ಇತ್ತು.

"ವಿದ್ಯಾರ್ಥಿಗಳು ಒಬ್ಬರಿಂದ ಒಬ್ಬರು ಕಲಿಯುವ ಹಾಗೆ ಪಾಠ ಕಟ್ಟುವುದು ಹೇಗೆ? ತರಗತಿಯಲ್ಲಾದರೆ ಮುಖ ನೋಡಿ ಗೊತ್ತುಮಾಡಿಕೊಳ್ಳುತ್ತೇನೆ. ಇಲ್ಲಿ ಅದನ್ನು ನಮಗೆ ಯಾರು ಹೇಳಿಕೊಡುತ್ತಾರೆ?"

ತರಬೇತುದಾರ, "ಅದಕ್ಕೇ ಎಲ್ಲರೂ ಬರೆಯುವ ಡಿಸ್ಕಷನ್ ಬೋರ್ಡ್ ಇದೆಯಲ್ಲ" ಎಂದ.

"ಅಲ್ಲಿ ಏನು ಮಾಡಿಸಬೇಕು?"

"ವಾರಕ್ಕೆ ಒಬ್ಬೊಬ್ಬರದು ಒಂದು ಬರಹ, ಬೇರೆಯವರ ಬರಹಕ್ಕೆ ಎರಡು ಉತ್ತರ. ನೀವು ತಲೆ ಕೆಡಿಸಿಕೊಳ್ಳಬೇಡಿ, ಸಿಸ್ಟಮ್ಮೇ ಎಣಿಸುತ್ತದೆ."

ಒಲೆ ಹಚ್ಚುವುದನ್ನು ತೋರಿಸಿ ಅಡುಗೆ ಕಲಿಸಿದೆ ಎಂದರೆ ನಮ್ಮ ಮನೆಗಳಲ್ಲಿ ನಗುತ್ತಾರೆ. ನಿಮ್ಮಲ್ಲಿ ಅದಕ್ಕೆ ಪ್ರಮಾಣಪತ್ರ ಕೊಡುತ್ತಾರೆ. ನನ್ನದು ಫ್ರಿಜ್ಜಿನ ಬಾಗಿಲ ಮೇಲಿದೆ, ಮ್ಯಾಗ್ನೆಟ್ಟಿನ ಕೆಳಗೆ.

ಒಂದು ಬರಹ, ಎರಡು ಉತ್ತರ. ಪ್ರತಿ ವಾರ, ಇಪ್ಪತ್ತೆಂಟು ಜನ. ಈ ನಿಯಮದಿಂದ ಏನು ಹುಟ್ಟಿತೆಂದು ನೀವು ಎಂದಾದರೂ ಇಣುಕಿ ನೋಡಿದ್ದೀರಾ? ನಾನು ದಿನಾ ನೋಡುತ್ತೇನೆ. ಆರನೆಯ ವಾರ ವಿದ್ಯಾರ್ಥಿಯೊಬ್ಬ ಅವಸರದಲ್ಲಿ ಏನನ್ನೂ ಬರೆಯದೆ ಗುಂಡಿ ಒತ್ತಿಬಿಟ್ಟ. ಬರಹ ಖಾಲಿ. ಮರುದಿನ ನೋಡಿದರೆ ಆ ಖಾಲಿ ಬರಹಕ್ಕೆ ಎರಡು ಉತ್ತರಗಳು ಬಂದಿದ್ದವು. 'ಒಳ್ಳೆಯ ವಿಚಾರ, ಪೂರ್ತಿ ಒಪ್ಪುತ್ತೇನೆ' ಎಂದು ಒಬ್ಬರು. 'ನಾನು ಹೇಳಬೇಕೆಂದಿದ್ದನ್ನೇ ಹೇಳಿದ್ದೀರಿ' ಎಂದು ಇನ್ನೊಬ್ಬರು. ಎರಡನೆಯವರು ಬಹುಶಃ ನಿಜವನ್ನೇ ಹೇಳಿದ್ದರು. ಸಿಸ್ಟಮ್ಮು ಮೂವರಿಗೂ ಪೂರ್ಣ ಅಂಕ ಕೊಟ್ಟಿತು. ಅವರನ್ನು ನಾನು ಬೈಯಲಾರೆ. ಒಬ್ಬಾಕೆ ಎರಡು ಕಡೆ ಅರೆಕಾಲಿಕ ಕೆಲಸ ಮಾಡಿ ಬಂದು ಕೂರುವವಳು, ಇನ್ನೊಬ್ಬನಿಗೆ ಮನೆ ಉಳಿಯುತ್ತದೋ ಇಲ್ಲವೋ ಎಂಬ ಚಿಂತೆ. ಎಣಿಸುತ್ತೇವೆ ಎಂದವರಿಗೆ ಅವರು ಎಣಿಸಲು ಬೇಕಾದ್ದನ್ನು ಕೊಟ್ಟರು, ಅಷ್ಟೇ. ಆ ಖಾಲಿ ಬರಹದ ಮೇಲೆ ಯಾವ ವಿಚಾರಣೆಯೂ ನಡೆಯಲಿಲ್ಲ.

ಈ ಹೊತ್ತಿನಲ್ಲೇ, ವಿಕ್ಸಮ್‌ನ ಬೇಸ್‌ಮೆಂಟೊಂದರಲ್ಲಿ ಇಬ್ಬರು ನಿಜಕ್ಕೂ ಕಲಿಯುತ್ತಿದ್ದರು.

ನಮ್ಮ ಕಡೆ ಕಾಲೇಜು ಓದಿದ ಯಾರನ್ನೇ ಕೇಳಿ, 'ಕಂಬೈಂಡ್ ಸ್ಟಡಿ' ಎಂದರೆ ಮುಖ ಅರಳುತ್ತದೆ. ಪರೀಕ್ಷೆ ಹತ್ತಿರ ಬಂದರೆ ಮೂರು ನಾಲ್ಕು ಜನ ಯಾರದಾದರೂ ಮನೆಯಲ್ಲಿ ಕೂಡುವುದು, ಗೊತ್ತಿದ್ದವರು ಗೊತ್ತಿಲ್ಲದವರಿಗೆ ಹೇಳುವುದು, ಹೇಳಹೊರಟಾಗ ತನಗೂ ಗೊತ್ತಿಲ್ಲವೆಂದು ಗೊತ್ತಾಗುವುದು, ನಡುನಡುವೆ ಹರಟೆ, ಆ ಮನೆಯವರ ಕೈಯ ತಿಂಡಿ. ಮೈಸೂರಿನಲ್ಲಿ ನಾನು ಎಂಜಿನಿಯರಿಂಗ್ ಪಾಸಾದದ್ದು ಮೇಷ್ಟ್ರುಗಳಿಂದ ಎಷ್ಟೋ, ಸರಸ್ವತಿಪುರಂನ ಗೆಳತಿಯ ಮನೆಯ ಹಜಾರದಿಂದ ಅಷ್ಟೇ. ಅಲ್ಲಿ ತಪ್ಪು ಹೇಳಿದರೆ ತಲೆಗೊಂದು ಮೊಟಕು ಬೀಳುತ್ತಿತ್ತು, ಸರಿ ಹೇಳಿದರೆ ಇನ್ನೊಂದು ಕೋಡುಬಳೆ ಸಿಗುತ್ತಿತ್ತು. ಇದಕ್ಕೆ ಈಗ ನಿಮ್ಮವರು 'ಸೋಷಿಯಲ್ ಲರ್ನಿಂಗ್' ಎಂದು ಹೆಸರಿಟ್ಟಿದ್ದಾರಂತೆ. ಇಟ್ಟುಕೊಳ್ಳಲಿ, ಹೆಸರಿಗೇನು, ಚೆನ್ನಾಗಿಯೇ ಇದೆ.

ಕೋರ್ಸಿಗೆ ಸೇರಿದವರ ಪಟ್ಟಿಯಲ್ಲಿ ಕನ್ನಡದ ಹೆಸರು ಕಂಡು ಸುಹಾಸಿನಿಯೇ ಶಿವಬಸಪ್ಪನವರಿಗೆ ಮೊದಲು ಫೋನ್ ಮಾಡಿದಳು. ಅವಳು ನಮ್ಮ ಮೈಸೂರಿನ ಹುಡುಗಿ, ಇಪ್ಪತ್ತೇಳು ವರ್ಷ, ನೊವೈನ ಅಪಾರ್ಟ್‌ಮೆಂಟಿನಲ್ಲಿ ಗಂಡ ಸಮರ್ಥನೊಂದಿಗೆ ಇದ್ದಾಳೆ. ಲೆಕ್ಕದಲ್ಲಿ ಬಲು ಚುರುಕು, ಕಾರ್ಖಾನೆಯ ಒಳಗೆ ಕಾಲಿಟ್ಟವಳಲ್ಲ. ಶಿವಬಸಪ್ಪನವರಿಗೆ ಕಾರ್ಖಾನೆ ಅಂಗೈಯ ಗೆರೆ, ಲೆಕ್ಕ ಮರೆತು ಮೂವತ್ತು ವರ್ಷ. ಜೋಡಿ ಅಂದರೆ ಇದು ಎಂದು ಯಾವ ಶಿಕ್ಷಕಿಯಾದರೂ ಹೇಳಿಯಾಳು. ಅವರನ್ನು ಜೋಡಿ ಮಾಡಬೇಕಾಗಿದ್ದದ್ದು ನಾನು. ಮಾಡುವುದು ಹೇಗೆಂದು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ, ಮಾಡಹೊರಟಿದ್ದರೂ ನಿಮ್ಮ ಸಿದ್ಧ ಚೌಕಟ್ಟನ್ನು ಬದಲಿಸುವ ಅಧಿಕಾರ ನನಗೆ ಇರಲಿಲ್ಲ. ಅವರು ತಾವೇ ಜೋಡಿಯಾದರು. ಪ್ರತಿ ಶನಿವಾರ ಮಧ್ಯಾಹ್ನ ಶಿವಬಸಪ್ಪನವರ ಬೇಸ್‌ಮೆಂಟಿನಲ್ಲಿ ಕೂತು ಓದಿದರು. ಅವರ ಹೆಂಡತಿ ಶಾಂತವ್ವ ಮಂಡಕ್ಕಿಯ ಗಿರ್ಮಿಟ್ ಮಾಡಿ, ಮೆಣಸಿನಕಾಯಿ ಬಜ್ಜಿ ಕರಿದು ಕೆಳಗೆ ತಂದುಕೊಡುತ್ತಿದ್ದರು. "ಓದಾವ್ರು ಹಸದು ಕುಂದರಬಾರದ್ರೀ ಮೇಡಂ," ಎಂದು ಆಕೆ ಆಮೇಲೆ ನನಗೆ ಫೋನಿನಲ್ಲಿ ಹೇಳಿದರು. ಓದುವವರಲ್ಲಿ ಒಬ್ಬರು ಆಕೆಯ ಐವತ್ತೆರಡು ವರ್ಷದ ಗಂಡ ಎಂಬುದು ಆಕೆಗೆ ವಿಶೇಷವೆನಿಸಿದಂತಿರಲಿಲ್ಲ.

ಒಂಬತ್ತನೆಯ ವಾರದ ಪ್ರಶ್ನೆ ಹೀಗಿತ್ತು. ಯಂತ್ರವೊಂದು ಕೊರೆದ ರಂಧ್ರಗಳ ಅಳತೆಗಳನ್ನು ಕೊಟ್ಟಿದೆ. ಯಂತ್ರ ಹದ ತಪ್ಪಿದೆಯೇ ಎಂದು ತಿಳಿಯಲು ಮೇಲೊಂದು ಕೆಳಗೊಂದು ಮಿತಿಯ ಗೆರೆ ಎಳೆಯಬೇಕು. ಶಿವಬಸಪ್ಪ ಹಳೆಯ ಅಭ್ಯಾಸದಂತೆ, ಗಿರಾಕಿ ಎಷ್ಟರವರೆಗೆ ಒಪ್ಪುತ್ತಾನೋ ಅಲ್ಲಿಗೇ ಗೆರೆ ಎಳೆದು ಬೋರ್ಡಿನಲ್ಲಿ ಹಾಕಿದರು. ಅದು ತಪ್ಪು. ಕಾರ್ಖಾನೆಯಲ್ಲಿ ಬಹಳ ವರ್ಷ ದುಡಿದವರೇ ಹೆಚ್ಚಾಗಿ ಮಾಡುವ ತಪ್ಪು. ಗಿರಾಕಿ ಒಪ್ಪುವ ಮಿತಿ ಬೇರೆ, ಯಂತ್ರ ತನ್ನ ಪಾಡಿಗೆ ಅತ್ತಿತ್ತ ಓಲಾಡುವ ಮಿತಿ ಬೇರೆ. ಸುಹಾಸಿನಿಗೆ ತಪ್ಪು ಕಂಡಿತು. ಬೋರ್ಡಿನಲ್ಲಿ ಅದನ್ನು ಬರೆದಿದ್ದರೆ ನಿಮ್ಮ ಎರಡು ಉತ್ತರಗಳಲ್ಲಿ ಒಂದು ಅವಳ ಲೆಕ್ಕಕ್ಕೆ ಜಮೆಯಾಗುತ್ತಿತ್ತು. ಅವಳು ಅಲ್ಲಿ 'ನೈಸ್ ಪೋಸ್ಟ್ ಸರ್' ಎಂದು ಬರೆದು, ಅವರಿಗೆ ಫೋನ್ ಮಾಡಿದಳು.

ಯಾಕಮ್ಮಾ ಹಾಗೆ ಮಾಡಿದೆ ಎಂದು ನಾನು ಕೇಳಿದೆ.

"ಮೇಡಂ, ಅಂಕಲ್ ನಮ್ಮಪ್ಪನ ವಯಸ್ಸಿನವ್ರು. ಮೊದಲೇ ಕೆಲಸ ಹೋಗಿ ನೊಂದ್ಕೊಂಡಿದಾರೆ. ಅಷ್ಟು ಜನದ ಎದುರಿಗೆ ನಿಮ್ಮದು ತಪ್ಪು ಅಂತ ಹೆಂಗೆ ಬರೀಲಿ? ಅವ್ರು ಆಮೇಲೆ ಬೋರ್ಡಿಗೆ ಬರೋದನ್ನೇ ಬಿಟ್ಬಿಟ್ರೆ?"

ನಿಮ್ಮ ವಿಚಾರಣಾ ಸಮಿತಿಗೆ ಇದು ಅರ್ಥವಾಗಲಿಲ್ಲ. ತಪ್ಪು ಕಂಡೂ ಹೊಗಳಿದಳೆಂದರೆ ಒಳಗೆ ಏನೋ ಒಪ್ಪಂದವಿರಬೇಕು ಎಂದು ಅವರ ತರ್ಕ. ನಮ್ಮ ನಡುವೆ ಬೆಳೆದ ಯಾರಿಗಾದರೂ ಇದು ಮೊದಲ ಮಾತಿಗೇ ಅರ್ಥವಾಗುತ್ತದೆ. ಹಿರಿಯರ ತಪ್ಪನ್ನು ನಾಲ್ಕು ಜನರ ಎದುರು ಎತ್ತಿ ಆಡುವುದಿಲ್ಲ, ಪಕ್ಕಕ್ಕೆ ಕರೆದು ಹೇಳುತ್ತೇವೆ. ಇದು ಒಳ್ಳೆಯದೋ ಕೆಟ್ಟದ್ದೋ, ಅದರ ಚರ್ಚೆ ಇನ್ನೊಂದು ದಿನ ಆಗಲಿ. ಆದರೆ ಕೋರ್ಸು ಕಟ್ಟುವವರಿಗೆ ತಮ್ಮ ಬೋರ್ಡಿನ ಮೇಲೆ ಎಂಥ ಜನ ಕೂತಿದ್ದಾರೆಂಬುದು ಗೊತ್ತಿರಬೇಡವೇ? ತಪ್ಪನ್ನು ಬಯಲಿನಲ್ಲಿ ಹೇಳಲು ಹಿಂಜರಿಯುವವರಿಗೆ ಇಬ್ಬರೇ ಮಾತಾಡುವ ಒಂದು ಮೂಲೆಯನ್ನು ಕೋರ್ಸಿನೊಳಗೇ ಮಾಡಿಕೊಡಬೇಕೆಂದು ನನಗೆ ಹೊಳೆದದ್ದು ಎಲ್ಲ ಮುಗಿದ ಮೇಲೆ. ಹೊಳೆಯುವ ಹಾಗೆ ನಮ್ಮನ್ನು ತಯಾರು ಮಾಡುವುದು ಯಾರ ಕೆಲಸವಾಗಿತ್ತು?

ಫೋನಿನಲ್ಲಿ ಸುಹಾಸಿನಿ ಹೇಳಿದ್ದು ಇದು: "ಅಂಕಲ್, ಊಟಕ್ಕೆ ಕೂತವ್ರು ಎಷ್ಟು ಉಪ್ಪು ತಡ್ಕೋತಾರೆ ಅನ್ನೋದು ಒಂದು. ಆಂಟಿ ಕೈ ದಿನಾ ಎಷ್ಟು ಉಪ್ಪು ಹಾಕತ್ತೆ ಅನ್ನೋದು ಇನ್ನೊಂದು. ಇವತ್ತು ಆಂಟಿ ಕೈ ತಪ್ಪಿದ್ಯಾ ಅಂತ ನೋಡೋಕೆ ಆಂಟಿ ದಿನಾ ಹಾಕೋದನ್ನ ನೋಡ್ಬೇಕು, ಊಟ ಮಾಡೋವ್ರನ್ನಲ್ಲ."

ಶಿವಬಸಪ್ಪ, "ಹೌದಲ್ಲ ತಂಗಿ, ನಾ ಇದನ್ನ ಹಿಂಗ ನೋಡೇ ಇದ್ದಿಲ್ಲ," ಎಂದರಂತೆ.

ನಾನು ಇಪ್ಪತ್ತು ಸ್ಲೈಡುಗಳಲ್ಲಿ ಹೇಳಲಾಗದ್ದನ್ನು ಆ ಹುಡುಗಿ ಒಂದು ಚಿಟಿಕೆ ಉಪ್ಪಿನಲ್ಲಿ ಹೇಳಿದ್ದಳು. ಶನಿವಾರ ಬಂತು. ಬೇಸ್‌ಮೆಂಟಿನ ಮೇಜಿನ ಒಂದು ಬದಿಯಲ್ಲಿ ಕೂತು ಶಿವಬಸಪ್ಪ ತಮ್ಮ ಹಳೆಯ ಬರಹ ಅಳಿಸಿ ಹೊಸದು ಬರೆದರು. ಲೆಕ್ಕವನ್ನು ತಾವೇ ಮತ್ತೆ ಮಾಡಿದರು, ಅರ್ಥವಾದ ಸಂತೋಷಕ್ಕೆ ಉಪ್ಪಿನ ಉದಾಹರಣೆಯನ್ನೂ ಸೇರಿಸಿದರು. ಇನ್ನೊಂದು ಬದಿಯಲ್ಲಿ ಕೂತು ಸುಹಾಸಿನಿ ತನ್ನ ಬರಹ ಬರೆದಳು, ತನ್ನದೇ ಉಪ್ಪನ್ನು ತಾನೂ ಹಾಕಿದಳು. ಮುಚ್ಚಿಡುವಂಥದ್ದು ಏನಾದರೂ ನಡೆಯುತ್ತಿದೆ ಎಂದು ಇಬ್ಬರ ತಲೆಗೂ ಬರಲಿಲ್ಲ.

ನಿಮ್ಮ ತಂತ್ರಾಂಶದ ತಲೆಗೆ ಬಂತು. ಒಂದೇ ಉದಾಹರಣೆ, ಒಂದೇ ಮನೆಯ ಇಂಟರ್‌ನೆಟ್, ಒಂದೇ ಮಧ್ಯಾಹ್ನ. ಮೊದಲಿನ ಬರಹ ಅಳಿಸಿದೆ, ಅದಕ್ಕೆ ಹುಸಿ ಹೊಗಳಿಕೆ ಬೇರೆ. ಸಾಕ್ಷ್ಯ ಎಷ್ಟು ಚೆನ್ನಾಗಿ ಕೂಡಿಬಂತು ನೋಡಿ. ಉಪ್ಪು ತಿಂದವರು ನೀರು ಕುಡಿಯಲೇಬೇಕು ಎಂದು ನಮ್ಮಲ್ಲೂ ಹೇಳುತ್ತಾರೆ, ಆದರೆ ಅದು ತಪ್ಪು ಮಾಡಿದವರಿಗೆ ಹೇಳುವ ಮಾತು. ಇವರು ಮಾಡಿದ ತಪ್ಪು ಯಾವುದು? ಖಾಲಿ ಬರಹವನ್ನು ಹೊಗಳಿ ಅಂಕ ಪಡೆದವರು ನಿಮ್ಮ ಕಣ್ಣಿಗೆ ಪ್ರಾಮಾಣಿಕರು. ಒಂದು ತಪ್ಪನ್ನು ಕಂಡು, ತಿದ್ದಿ, ತಿದ್ದಿಸಿಕೊಂಡವರು ಕಳ್ಳರು.

ಆರೋಪಪತ್ರಕ್ಕೆ ನನ್ನ ಸಹಿ ಬೇಕೆಂದು ನಿಮ್ಮ ಕಚೇರಿಯಿಂದ ಫೋನ್ ಬಂತು. 'ಈ ಕೆಲಸವನ್ನು ಒಬ್ಬೊಬ್ಬರೇ ಮಾಡಬೇಕಿತ್ತೆಂದು ಶಿಕ್ಷಕಿ ದೃಢೀಕರಿಸುತ್ತಾರೆ' ಎಂಬ ಸಾಲಿನ ಕೆಳಗೆ. ಅದೇ ಪ್ರಶ್ನೆಯ ಮೇಲ್ಗಡೆ ನಿಮ್ಮದೇ ಚೌಕಟ್ಟಿನಲ್ಲಿ 'ಸಹಪಾಠಿಗಳೊಂದಿಗೆ ಹಂಚಿಕೊಂಡು ಕಲಿಯಿರಿ' ಎಂದಿದೆ. ಯಾವುದನ್ನು ದೃಢೀಕರಿಸಲಿ ಎಂದು ಕೇಳಿದೆ. ಸಹಿ ಹಾಕದಿದ್ದರೆ ಸೆಪ್ಟೆಂಬರಿನ ಸೆಮಿಸ್ಟರಿಗೆ ನನ್ನ ಹೆಸರಿರುತ್ತದೆಂದು ಹೇಳಲಾಗುವುದಿಲ್ಲ ಎಂದು ಆ ಕಡೆಯ ಧ್ವನಿ ಬಹಳ ನಯವಾಗಿ ಹೇಳಿತು. ನನ್ನ ಗಂಡ ಮನೋಹರ್ ಅವರ ಆಫೀಸಿನಲ್ಲೂ ಯಾರನ್ನು ಯಾವಾಗ ಕರೆದು ಮನೆಗೆ ಕಳಿಸುತ್ತಾರೋ ತಿಳಿಯದು. "ಸರಳಾ, ನಮ್ಮಿಬ್ಬರಲ್ಲಿ ಒಬ್ಬರದಾದ್ರೂ ಉಳೀಬೇಕಲ್ವಾ, ಯೋಚ್ನೆ ಮಾಡು," ಎಂದರು. ಯೋಚಿಸಿದೆ. ನನಗೆ ಹೆದರಿಕೆಯೂ ಆಯಿತು, ಅದನ್ನು ಮುಚ್ಚಿಡುವುದಿಲ್ಲ. ಆದರೂ ಸಹಿ ಹಾಕಲಿಲ್ಲ.

ವಿಚಾರಣೆ ಈ ಸೋಮವಾರ ಸೌತ್‌ಫೀಲ್ಡಿನಲ್ಲಿ, ನೀವು ಬಾಡಿಗೆಗೆ ಹಿಡಿದಿರುವ ಆಫೀಸ್ ಟವರಿನಲ್ಲಿ ನಡೆಯಿತು. ಶಿವಬಸಪ್ಪ ಇಂಟರ್‌ವ್ಯೂಗೆಂದು ಹೊಲಿಸಿದ್ದ ಸೂಟು ಹಾಕಿಕೊಂಡು ಬಂದಿದ್ದರು. ಸುಹಾಸಿನಿಯ ಕಣ್ಣು ಕೆಂಪಾಗಿತ್ತು. ಮೇಜಿನ ಆ ಕಡೆ ಸಮಿತಿಯ ಇಬ್ಬರು ಸದಸ್ಯರು, ಈ ಕಡೆ ನಾವು ಮೂವರು, ನಡುವೆ ಒಂದು ಸ್ಪೀಕರ್ ಫೋನು. ಆ ಫೋನಿನಲ್ಲಿ ನೀವು ಇದ್ದಿರಿ, ಷಿಕಾಗೊ ಕಡೆಯ ಕ್ಯಾಂಪಸ್ಸಿನಿಂದ. ನಾಲ್ಕೂವರೆ ಗಂಟೆಯ ಡ್ರೈವ್, ಬರಲಾಗಲಿಲ್ಲ, ಒಪ್ಪೋಣ. ನಾವು ನಿಮ್ಮ ಮುಖ ನೋಡಲಿಲ್ಲ, ನೀವು ನಮ್ಮದನ್ನು ನೋಡಲಿಲ್ಲ.

ಸಮಿತಿಯವರು ಶಿವಬಸಪ್ಪನವರಿಗೆ ಒಂದು ದಾರಿ ತೋರಿಸಿದರು. ದಯೆಯಿಂದಲೇ ತೋರಿಸಿದರು ಎಂದು ನಾನು ಬಲ್ಲೆ. ಅದರಿಂದಲೇ ಅದು ಇನ್ನಷ್ಟು ಕೆಟ್ಟದಾಗಿತ್ತು. 'ದಾಖಲೆಯ ಪ್ರಕಾರ ಉಪ್ಪಿನ ಉದಾಹರಣೆ ಮೊದಲು ಕಾಣಿಸಿದ್ದು ನಿಮ್ಮ ಬರಹದಲ್ಲಿ, ಆಕೆಯದು ಬಂದದ್ದು ಆಮೇಲೆ. ಉದಾಹರಣೆ ನಿಮ್ಮದು, ಆಕೆ ನಿಮಗೆ ತಿಳಿಯದಂತೆ ಬಳಸಿಕೊಂಡಳು ಎಂದಾದರೆ ನಿಮ್ಮ ಮೇಲಿನ ಆರೋಪ ಇಲ್ಲಿಗೇ ಮುಗಿಯುತ್ತದೆ, ಹಾಗೆಯೇ ಅಲ್ಲವೇ?' ಎಂದು ಅವರನ್ನು ಕೇಳಿದರು. ಒಂದು 'ಹೌದು' ಸಾಕಿತ್ತು. ಮೇ ತಿಂಗಳ ಸೋಮವಾರ, ಕಾರ್ಖಾನೆ, ಮನೆ, ಎಲ್ಲ ಆ ಒಂದು ಮಾತಿನಲ್ಲಿತ್ತು. ಸುಹಾಸಿನಿ ತಲೆ ತಗ್ಗಿಸಿ ಕೂತಿದ್ದಳು. ನಿಜ ಹೇಳುತ್ತೇನೆ, ನಾನು ಅವರ ಮುಖ ನೋಡಲಾರದೆ ಆ ಫೋನಿನ ಕೆಂಪು ದೀಪ ನೋಡುತ್ತಿದ್ದೆ.

ಶಿವಬಸಪ್ಪ ಇಂಗ್ಲಿಷಿನಲ್ಲಿ, ನಿಧಾನವಾಗಿ, ಒಂದೊಂದೇ ಮಾತು ಆರಿಸಿಕೊಂಡು ಹೇಳಿದರು. ಉದಾಹರಣೆ ಆಕೆಯದು. ತಪ್ಪು ನನ್ನದಾಗಿತ್ತು. ಆಕೆ ಹೇಳಿಕೊಟ್ಟಳು, ನಾನು ಕಲಿತೆ. ಬೇಕಿದ್ದರೆ ಈಗಲೇ ಒಂದು ಹೊಸ ಲೆಕ್ಕ ಕೊಡಿ, ನಿಮ್ಮೆದುರಿಗೇ ಮಾಡಿ ತೋರಿಸುತ್ತೇನೆ.

ಯಾರೂ ಲೆಕ್ಕ ಕೊಡಲಿಲ್ಲ. ಎಲ್ಲರೂ ಫೋನಿನತ್ತ ತಿರುಗಿದರು. ಫೋನು ಮಾತಾಡಲಿಲ್ಲ. ಕಾದೆವು. ಕೊನೆಗೆ ಸಮಿತಿಯವರೊಬ್ಬರು ಮುಂದೆ ಬಾಗಿ, "ನೀವು ಮ್ಯೂಟಿನಲ್ಲಿದ್ದೀರಿ ಅನಿಸುತ್ತದೆ" ಎಂದರು. ಕ್ಲಿಕ್ಕೆಂದಿತು. "ಧನ್ಯವಾದ, ಗಮನಿಸಿದ್ದೇವೆ, ನಿರ್ಧಾರ ಶುಕ್ರವಾರ," ಎಂದು ನಿಮ್ಮ ಧ್ವನಿ ಬಂತು. ದೂರದಲ್ಲಿರುವವರು ಒಬ್ಬರನ್ನೊಬ್ಬರು ಕೇಳಿಸಿಕೊಂಡು ಕಲಿಯುವುದು ಹೇಗೆಂದು ಇಡೀ ವಿಶ್ವವಿದ್ಯಾಲಯಕ್ಕೆ ತೋರಿಸಿಕೊಡಬೇಕಾದ ಹುದ್ದೆಯಲ್ಲಿರುವವರು ನೀವು. ಆ ಮನುಷ್ಯ ಮಾತಾಡುವಾಗ ನೀವು ಅಲ್ಲಿ ಇದ್ದಿರೋ ಇಲ್ಲವೋ ನನಗೆ ಈಗಲೂ ಗೊತ್ತಿಲ್ಲ.

ಕೆಳಗೆ ಪಾರ್ಕಿಂಗ್ ಲಾಟಿನಲ್ಲಿ ಅವರನ್ನು ಕೇಳಿದೆ, ಒಂದು ಮಾತು ಹೌದೆಂದಿದ್ದರೆ ನಿಮ್ಮದು ಉಳಿಯುತ್ತಿತ್ತಲ್ಲ ಎಂದು.

"ಖರೇರಿ ಮೇಡಂ, ಉಳೀತಿತ್ತು," ಎಂದರು. "ಆದ್ರ ಶನಿವಾರ ಅಕಿ ಬಂದು ನಮ್ಮ ಮನ್ಯಾಗ ಕುಂತ್ರ ನಾ ಎಲ್ಲಿ ಮಾರಿ ಇಟ್ಕೊಳ್ಳಲಿ? ನಮ್ಮಾಕಿ ಕೇಳ್ತಾಳ, ಏನ್ ಹೇಳಿ ಬಂದ್ರಿ ಅಂತ. ಏನ್ ಹೇಳ್ಲಿ?"

ಅಷ್ಟು ಹೇಳಿ ಟೈ ಬಿಚ್ಚಿ ಜೇಬಿಗೆ ಹಾಕಿಕೊಂಡು ಕಾರು ಹತ್ತಿದರು. ನಾನು ಮನೆ ಸೇರುವವರೆಗೂ ಅಳು ತಡೆದುಕೊಂಡೆ. ಕಥೆ ಕೇಳಿ ದಿಯಾ ಲ್ಯಾಪ್‌ಟಾಪಿನಿಂದ ತಲೆಯೆತ್ತದೆ, "ಇಟ್ಸ್ ಕಾಲ್ಡ್ ಎ ಸ್ಟಡಿ ಗ್ರೂಪ್, ಅಮ್ಮಾ. ಲೈಬ್ರರೀಸ್ ಹ್ಯಾವ್ ರೂಮ್ಸ್ ಫಾರ್ ಇಟ್," ಎಂದಳು. ನಿಮ್ಮ ಕ್ಯಾಂಪಸ್ಸಿನ ಲೈಬ್ರರಿಯಲ್ಲೂ ಇವೆ ಎಂದು ನಿಮ್ಮ ವೆಬ್‌ಸೈಟಿನಲ್ಲೇ ನೋಡಿದೆ, ಗಾಜಿನ ಗೋಡೆಯ ಕೋಣೆಗಳು, ಮೊದಲೇ ಕಾದಿರಿಸಿಕೊಳ್ಳಬೇಕಂತೆ. ಗಾಜಿನ ಕೋಣೆಯಲ್ಲಿ ಕೂತು ಮಾಡಿದರೆ ಅಧ್ಯಯನ, ವಿಕ್ಸಮ್‌ನ ಬೇಸ್‌ಮೆಂಟಿನಲ್ಲಿ ಗಿರ್ಮಿಟ್ ತಿನ್ನುತ್ತ ಮಾಡಿದರೆ ಅಪರಾಧ ಎಂದು ಯಾವ ನಿಯಮದಲ್ಲಿದೆ?

ನೀವು ಹೇಳುವುದು ನನಗೆ ಗೊತ್ತು. ನಿಯಮ ಎಲ್ಲರಿಗೂ ಒಂದೇ, ಆನ್‌ಲೈನಿನಲ್ಲಿ ನಕಲು ನಿಜಕ್ಕೂ ಇದೆ. ಇದೆ, ಸ್ವಾಮಿ. ನಾನೇ ಹಿಡಿದಿದ್ದೇನೆ, ಸೊನ್ನೆ ಕೊಟ್ಟಿದ್ದೇನೆ, ಮುಲಾಜು ನೋಡಿಲ್ಲ. ಆದರೆ ಕದ್ದದ್ದು ಯಾವುದು, ಕಲಿತದ್ದು ಯಾವುದು ಎಂದು ಕೊನೆಯಲ್ಲಿ ಯಂತ್ರ ಹೇಳಲಾರದು. ಅದು ಮೊದಲೇ, ಪಾಠ ಕಟ್ಟುವಾಗಲೇ ಆಗಬೇಕಾದ ಕೆಲಸ. ಒಬ್ಬೊಬ್ಬರಿಗೂ ಲೆಕ್ಕದ ಒಂದೊಂದು ತುಣುಕು ಕೊಟ್ಟು, ಕೂಡಿದರೆ ಮಾತ್ರ ಉತ್ತರ ಬರುವ ಹಾಗೆ ಮಾಡಬಹುದು. ಮೊದಲು ಏನು ತಿಳಿದಿದ್ದೆ, ಯಾರ ಮಾತಿನಿಂದ ಅದು ಬದಲಾಯಿತು ಎಂದು ಬರೆಸಬಹುದು, ಬದಲಾದದ್ದಕ್ಕೇ ಅಂಕ ಕೊಡಬಹುದು. ಹಾಗೆ ಬರೆಸಿದ್ದರೆ ಶಿವಬಸಪ್ಪ ಮೊದಲ ಸಾಲಿನಲ್ಲೇ ಸುಹಾಸಿನಿಯ ಹೆಸರು ಬರೆಯುತ್ತಿದ್ದರು, ಇಬ್ಬರಿಗೂ ನೂರಕ್ಕೆ ನೂರು ಬರುತ್ತಿತ್ತು. ಇದನ್ನೆಲ್ಲ ನಾನು ಆರೋಪ ಬಂದಮೇಲಿನ ಈ ಮೂರು ವಾರಗಳಲ್ಲಿ ಕಂಡಕಂಡ ಪುಸ್ತಕ ಓದಿ, ಕಂಡಕಂಡವರನ್ನು ಕೇಳಿ ಅರ್ಧಂಬರ್ಧ ತಿಳಿದುಕೊಂಡೆ. ಇದು ತಾನಾಗಿ ಬರುವ ವಿದ್ಯೆಯಲ್ಲ. ಚೆನ್ನಾಗಿ ಪಾಠ ಹೇಳುವವರಿಗೂ ಬರುವುದಿಲ್ಲ, ಇಪ್ಪತ್ತು ವರ್ಷ ಹೇಳಿದವರಿಗೂ ಬರುವುದಿಲ್ಲ. ಕಲಿಸಿದರೆ ಬರುತ್ತದೆ. ನೀವು ಕಲಿಸಲಿಲ್ಲ, ಅದರ ದಂಡವನ್ನು ಈಗ ವಿದ್ಯಾರ್ಥಿಯಿಂದ ವಸೂಲು ಮಾಡುತ್ತಿದ್ದೀರಿ.

ಹಾಗಾದರೆ ನಿನಗೇನು ಬೇಕಮ್ಮ ಎಂದು ಕೇಳುತ್ತೀರಿ. ಶುಕ್ರವಾರ ಆ ಫೈಲಿಗೆ ಸಹಿ ಹಾಕಬೇಡಿ. ಇಬ್ಬರ ಮೇಲಿನ ಆರೋಪವನ್ನೂ ತೆಗೆಯಿರಿ, ಒಬ್ಬರದಲ್ಲ, ಇಬ್ಬರದೂ. ಅನುಮಾನವಿದ್ದರೆ ಶಿವಬಸಪ್ಪನವರು ಕೇಳಿದ ಹೊಸ ಲೆಕ್ಕ ಕೊಟ್ಟು ನೋಡಿ. ಇನ್ನು, ಸೆಪ್ಟೆಂಬರಿಗೆ ಮೊದಲು ನಿಮ್ಮ ಆನ್‌ಲೈನ್ ಶಿಕ್ಷಕರನ್ನು, ಕರಾರಿನವರನ್ನೂ ಬಿಡದೆ, ಒಟ್ಟಿಗೆ ಕೂರಿಸಿ. ಗುಂಡಿ ಒತ್ತಿಸುವ ವೆಬಿನಾರ್ ಬೇಡ. ಬಲ್ಲವರನ್ನು ಕರೆಸಿ, ನಾವು ನಮ್ಮ ನಮ್ಮ ಪಾಠಗಳನ್ನು ತಂದು ಒಡೆದು ಕಟ್ಟುವ ಹಾಗೆ, ಒಬ್ಬರು ಕಟ್ಟಿದ್ದನ್ನು ಇನ್ನೊಬ್ಬರು ವಿದ್ಯಾರ್ಥಿಗಳಾಗಿ ಕೂತು ಮಾಡಿನೋಡುವ ಹಾಗೆ ಕೆಲವು ವಾರ ನಡೆಸಿ. ಚೌಕಟ್ಟನ್ನು ಬದಲಿಸುವ ಅಧಿಕಾರವನ್ನೂ ಕೊಡಿ. ಆ ಗುಂಪಿನಲ್ಲಿ ನೀವೂ ಒಬ್ಬ ವಿದ್ಯಾರ್ಥಿಯಾಗಿ ಕೂತರೆ ನಮಗೆ ಸಂತೋಷವಾಗುತ್ತದೆ, ಮ್ಯೂಟ್ ತೆಗೆದು.

ನಿಮ್ಮ ನಿಯಮ ನನಗೆ ಬಾಯಿಪಾಠವಾಗಿದೆ. ಇದು ನನ್ನ ಒಂದು ಬರಹ. ನಿಮ್ಮಿಂದ ಎರಡು ಉತ್ತರ ಬರಬೇಕು, ಒಂದು ವಿಕ್ಸಮ್‌ನ ಆ ಮನೆಗೆ, ಇನ್ನೊಂದು ನಮಗೆ, ಶಿಕ್ಷಕರಿಗೆ. 'ಒಳ್ಳೆಯ ವಿಚಾರ, ಪೂರ್ತಿ ಒಪ್ಪುತ್ತೇನೆ' ಎಂದು ಬರೆದು ಕೈ ತೊಳೆದುಕೊಳ್ಳಬೇಡಿ. ಆ ಉತ್ತರ ಖಾಲಿ ಬರಹಕ್ಕೂ ಸಿಕ್ಕಿದೆ.

ನಿನ್ನೆ ಸಂಜೆ ಸುಹಾಸಿನಿ ಫೋನ್ ಮಾಡಿದ್ದಳು. ಕೊನೆಯ ಪರೀಕ್ಷೆ ಇನ್ನೂ ಬಾಕಿ ಇದೆ. ಏನೇ ಆಗಲಿ ಈ ಶನಿವಾರ ಓದಲು ಬಾ ಎಂದು ಶಾಂತವ್ವ ಹೇಳಿ ಕಳಿಸಿದ್ದಾರಂತೆ. "ಅಂಕಲ್ ಮನೆಗೆ ಹೋಗ್ಬಹುದಾ, ಮೇಡಂ? ಹೋದ್ರೆ ಅವರಿಗೆ ಮತ್ತೆ ತೊಂದ್ರೆ ಆಗಲ್ವಾ?" ಎಂದು ಕೇಳಿದಳು. ಅವಳ ಶಿಕ್ಷಕಿಯಾಗಿ ನಾನು ಕೊಡಬೇಕಾದ ಉತ್ತರ ಏನೆಂದು ಶುಕ್ರವಾರದೊಳಗೆ ತಿಳಿಸಿ. ಶನಿವಾರದವರೆಗೆ ಕಾಯುತ್ತೇನೆ ಎಂದಿದ್ದಾಳೆ.

ಇಂತಿ,
ಸೆಪ್ಟೆಂಬರಿನಲ್ಲಿ ನಿಮ್ಮಲ್ಲಿ ಇರುತ್ತಾಳೋ ಇಲ್ಲವೋ ತಿಳಿಯದ,
ಗುಂಡಿ ಒತ್ತಲು ಮಾತ್ರ ಪ್ರಮಾಣಪತ್ರ ಪಡೆದ ಶಿಕ್ಷಕಿ,
ಸರಳಾ
ನೊವೈ, ಮಿಷಿಗನ್
ಏಪ್ರಿಲ್ 2010